ಇಪ್ಪತ್ತಾರು ಸೀಸೆಗಳು

ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಮಿಲಿಗ್ರಾಂ ಮಾಮ ಎಂದೇ ಕರೆಯುತ್ತಿದ್ದರು. ಪುಡಿಗಳನ್ನು ತೂಗಿ ದ್ರಾವಣ ಮಾಡಿಕೊಡುವುದು ಅವರ ಕೆಲಸ. ಮೂವತ್ತೊಂಬತ್ತು ವರ್ಷಗಳಲ್ಲಿ ಅವರ ತೂಕ ತಪ್ಪಿದ್ದನ್ನು ಕಂಡವರಿಲ್ಲ. ನಿವೃತ್ತಿಯ ವಯಸ್ಸು ದಾಟಿದ ಮೇಲೂ ವರ್ಷಕ್ಕೊಂದು ಪತ್ರ ಬರುತ್ತಿತ್ತು; ಅವರು ಇನ್ನೊಂದು ವರ್ಷ ಉಳಿಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಒಂಟಿ ಕೋಣೆಯಲ್ಲಿ ಮಾತು ಕೇಳುತ್ತಿದ್ದುದು ಭಾನುವಾರ, ಅಕ್ಕನ ಫೋನು ಬಂದಾಗ ಮಾತ್ರ. ಆ ಪತ್ರ ಅವರಿಗೆ ಬೇಕಾಗಿದ್ದುದು ಸಂಬಳಕ್ಕಲ್ಲ, ಬೆಳಿಗ್ಗೆ ಎದ್ದು ಹೋಗಲು ಒಂದು ಬಾಗಿಲು ಇರಲೆಂದು.

ಆ ವರ್ಷ ಅವರು ದ್ರಾವಣ ಮಾಡಿಕೊಡುತ್ತಿದ್ದುದು ಒಬ್ಬ ಸಂಶೋಧಕಿಗೆ. ಇಲಿಯ ಮಿದುಳಿನಿಂದ ಕೂದಲೆಳೆಯಷ್ಟು ತೆಳುವಾದ ಬಿಲ್ಲೆ ಕೊಯ್ದು, ಅದರ ಮೇಲೆ ದ್ರಾವಣ ಹರಿಸಿ, ನರಕೋಶಗಳ ವಿದ್ಯುತ್ ಸಂಜ್ಞೆ ಏರುತ್ತದೆಯೇ ಎಂದು ಅವಳು ನೋಡುತ್ತಿದ್ದಳು. ಅವಳು ಬೆನ್ನು ಹತ್ತಿದ್ದುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು.

“ಕಥೆ ಕೇಳೋರು ಹೂಂ ಹೂಂ ಅಂತಿರ್ತಾರಲ್ಲ ಮಾಮ, ಹಾಗೆ ಇದು,” ಎಂದು ಅವಳು ಒಮ್ಮೆ ವಿವರಿಸಿದ್ದಳು. “ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಹೇಳುತ್ತೆ. ಕೇಳಿಸಿಕೊಂಡ ಕೋಶ ಈ ಅನಿಲಾನ ಹಿಂದಕ್ಕೆ ಬಿಡುತ್ತೆ. ಹೇಳಿದ್ದಕ್ಕೆ ಹುರುಪು ಬಂದು ಮುಂದಿನ ಸಲ ಇನ್ನೂ ಜೋರಾಗಿ ಹೇಳುತ್ತೆ.”

“ಹೂಂ ಅನ್ನೋರು ಇಲ್ಲದಿದ್ರೆ?”

“ಆಗ ಹೇಳೋದೂ ಅಷ್ಟಕ್ಕಷ್ಟೇ.”

“ಅದು ಗೊತ್ತಿರೋ ವಿಷಯ. ಪಕ್ಕಕ್ಕೆ ಸರಿಯಮ್ಮ, ನಿನ್ನ ಉಸಿರಿಗೆ ತಕ್ಕಡಿ ಅಲ್ಲಾಡ್ತಿದೆ,” ಎಂದರು ಮಾಮ.

ಆ ಅನಿಲ ಕೆಲವೇ ಸೆಕೆಂಡು ಬದುಕುವಂಥದು, ತುಂಬಿಟ್ಟುಕೊಳ್ಳಲಾಗದು. ಅದಕ್ಕಾಗಿ, ಕರಗಿಸಿದರೆ ಅದನ್ನು ಮೆಲ್ಲಗೆ ಬಿಟ್ಟುಕೊಡುವ ಹಸಿರು ಪುಡಿಯೊಂದನ್ನು ಬಳಸುತ್ತಿದ್ದರು. ಹೋಲಿಕೆಗೆ ಅನಿಲವೆಲ್ಲ ಹೋಗಿ ಸತ್ತ ದ್ರಾವಣವೂ ಬೇಕು. ಅದನ್ನು ಮಾಡುವ ಕ್ರಮ ಸರಳ: ಸೀಸೆಯನ್ನು ಎರಡು ದಿನ ಕಿಟಕಿಯ ಬೆಳಕಿನಲ್ಲಿ ಇಡಬೇಕು. ತಾಜಾ ದ್ರಾವಣಕ್ಕೆ ಸಂಜ್ಞೆ ಏರಬೇಕು, ಸತ್ತದ್ದಕ್ಕೆ ಏರಬಾರದು.

ಹದಿನೈದು ದಿನಕ್ಕೊಂದರಂತೆ ವರ್ಷದಲ್ಲಿ ಇಪ್ಪತ್ತಾರು ಪ್ರಯೋಗ ನಡೆದವು. ಇಪ್ಪತ್ತಾರರಲ್ಲೂ ಎರಡಕ್ಕೂ ಸಂಜ್ಞೆ ಒಂದೇ ಸಮ ಏರಿತು.

“ಸತ್ತಿದ್ದಕ್ಕೂ ಏರುತ್ತೆ ಅಂದ್ರೆ ಇದು ಅನಿಲದ ಕೈವಾಡ ಅಲ್ಲಮ್ಮ,” ಎಂದರು ಪ್ರಯೋಗಾಲಯದ ಮುಖ್ಯಸ್ಥರು. “ಮೂರು ವರ್ಷ ಆಯ್ತು. ತಿಂಗಳ ಕೊನೆಗೆ ಮುಗಿಸಿಬಿಡು.”

ಅವಳು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದಳು.

ಮರುದಿನ ಮಾಮ ಕಿಟಕಿ ಕಟ್ಟೆಯನ್ನು ತೆರವು ಮಾಡಲು ಹೋದರು. ಮುಗಿದ ಸೀಸೆಗಳು ಯಾವಾಗಲೂ ಸುತ್ತಿದ ಅಲ್ಯೂಮಿನಿಯಂ ಫಾಯಿಲ್ ಸಮೇತ ಕಸದ ಡಬ್ಬಿ ಸೇರುತ್ತಿದ್ದವು. ಆ ದಿನ ಕೊನೆಯ ಸೀಸೆಯ ಫಾಯಿಲ್ ಕಟ್ಟೆಯ ಮೊಳೆಗೆ ಸಿಕ್ಕಿ ಹರಿಯಿತು. ಒಳಗಿನ ನೀರು ಹಸಿರಾಗಿತ್ತು. ಸತ್ತ ದ್ರಾವಣಕ್ಕೆ ಬಣ್ಣವಿರುವುದಿಲ್ಲ.

ಅವರು ಅಲ್ಲೇ ಕುಳಿತುಬಿಟ್ಟರು. ಬೆಳಕಿಗೆ ಕೆಡುವ ಯಾವ ವಸ್ತುವನ್ನೂ ಫಾಯಿಲ್ ಸುತ್ತದೆ ಕೆಳಗಿಡಬಾರದು ಎಂಬುದು ಅವರು ಕಲಿತ ಮೊದಲ ಪಾಠ. ಮೂವತ್ತೊಂಬತ್ತು ವರ್ಷ ತಲೆಯನ್ನು ಕೇಳದೆಯೇ ಕೈ ಸುತ್ತುತ್ತ ಬಂದಿತ್ತು. ಕೆಡಲೆಂದೇ ಕಿಟಕಿಯಲ್ಲಿಟ್ಟ ಸೀಸೆಗೂ ಅದು ಅಚ್ಚುಕಟ್ಟಾಗಿ ಸುತ್ತಿತ್ತು, ಇಪ್ಪತ್ತಾರು ಸಲ. ಸಾವಿರ ಪಾಲು ನೀರಿಗೆ ಬೆರೆಸಿ ಕೊಟ್ಟಾಗ ಹಸಿರು ಕಾಣದ್ದರಿಂದ ಅವಳಿಗೂ ತಿಳಿಯಲಿಲ್ಲ.

ಆ ಸಂಜೆ ಅವರೇ ಅಕ್ಕನಿಗೆ ಫೋನು ಮಾಡಿದರು.

“ಇವತ್ತು ಭಾನುವಾರ ಅಲ್ವಲ್ಲೋ! ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಕೆಲಸದಲ್ಲಿ ತಪ್ಪು ಮಾಡಿದೀನಿ.”

“ನೀನಾ? ಸಕ್ಕರೆ ಚಮಚಾನೂ ಬೆರಳಲ್ಲಿ ಸವರಿ ಮಟ್ಟ ಮಾಡೋನು! ಯಾರಿಗಾದ್ರೂ ಗೊತ್ತಾಯ್ತಾ?”

“ಇಲ್ಲ.”

“ಹಾಗಾದ್ರೆ ಬಾಯಿ ಮುಚ್ಕೊಂಡು ಬಿದ್ದಿರು. ಹೇಳಿದ್ರೆ ಮನೆಗೆ ಕಳಿಸ್ತಾರೆ. ಆಮೇಲೆ ಆ ಗೂಡಲ್ಲಿ ಗೋಡೆ ಜೊತೆ ಮಾತಾಡ್ತೀಯಾ?”

“ಆ ಹುಡುಗೀದು ಮೂರು ವರ್ಷದ ಕೆಲಸ, ಅಕ್ಕ.”

“ತೀರ್ಮಾನ ಮಾಡ್ಕೊಂಡೇ ಫೋನು ಮಾಡಿದೀಯ. ಮತ್ತೆ ನನ್ನನ್ಯಾಕೆ ಕೇಳ್ತೀಯೋ?”

ಬೆಳಿಗ್ಗೆ ಅವರು ಹಸಿರು ಸೀಸೆಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟು, ನಡೆದದ್ದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದರು. ಸಂಶೋಧಕಿ ಬಾಗಿಲಲ್ಲೇ ನಿಂತು ಕೇಳಿದಳು. ಕೋಪ ಮಾಡಿಕೊಳ್ಳುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ. “ಮಾಮ, ಇನ್ನೊಂದು ಸೀಸೆ ಇಡಿ. ಈಗಲೇ!”

ಮಾಮ ಇಟ್ಟರು, ಫಾಯಿಲ್ ಇಲ್ಲದೆ. ಎರಡು ದಿನದಲ್ಲಿ ಹಸಿರೆಲ್ಲ ಹೋಗಿ ದ್ರಾವಣ ನೀರಿನಂತಾಯಿತು. ಅದನ್ನು ಬಿಲ್ಲೆಯ ಮೇಲೆ ಹರಿಸಿದಾಗ ಪರದೆಯ ಗೆರೆ ಇದ್ದಲ್ಲೇ ಇತ್ತು. ತಾಜಾ ದ್ರಾವಣಕ್ಕೆ ಮೆಲ್ಲಗೆ ಮೇಲೆದ್ದಿತು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮುಖ್ಯಸ್ಥರ ಕೋಣೆಗೆ ಓಡಿದಳು.

ಮಧ್ಯಾಹ್ನ ಮುಖ್ಯಸ್ಥರು ತೂಕದ ಕೋಣೆಗೆ ತಾವೇ ಬಂದರು. “ನೀವು ಮುಚ್ಚಿಡಬಹುದಿತ್ತು. ಇಡಲಿಲ್ಲ. ಅದು ದೊಡ್ಡದು.” ಅವರು ಕನ್ನಡಕ ಒರೆಸಿಕೊಂಡರು. “ಆದರೆ ಇನ್ಮೇಲೆ ದ್ರಾವಣ ಅವಳೇ ಮಾಡ್ಕೊಳ್ಳಲಿ. ಪತ್ರ... ಈ ಸಲ ಬೇಡ ಅನ್ಸುತ್ತೆ.”

“ಸರಿ ಸರ್. ದಾಖಲೆ ತಿದ್ದೋದಿದೆ, ಮುಗಿಸಿ ಹೋಗ್ತೀನಿ.”

ತಪ್ಪು ದಾಖಲೆಯನ್ನು ಅಳಿಸುವಂತಿಲ್ಲ. ಕೆಳಗಿನ ಬರಹ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ, ಸಹಿ, ದಿನಾಂಕ ಬರೆಯಬೇಕು. ‘ಸತ್ತ ದ್ರಾವಣ’ ಎಂದು ತಾವು ಬರೆದಿದ್ದ ಇಪ್ಪತ್ತಾರು ದಾಖಲೆಗಳನ್ನು ಮಾಮ ಮೊದಲ ಪುಟದಿಂದ ತಿದ್ದತೊಡಗಿದರು. ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯಿಂದ ಪುಸ್ತಕಗಳು ಕಪಾಟಿಗೆ ಹಿಂದಿರುಗುತ್ತಿದ್ದವು. ಅವಳು ಫೋನಿನಲ್ಲಿ ಯಾರಿಗೋ ಅದೇ ಸಮಾಚಾರವನ್ನು ಮೂರನೆಯ ಬಾರಿ, ಮೊದಲಿಗಿಂತ ಜೋರಾಗಿ ಹೇಳುತ್ತಿದ್ದಳು.

ಸಂಜೆ ಅವಳು ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ಇಣುಕಿದಳು. “ಇನ್ನೂ ಇದೀರಾ ಮಾಮ? ಹೋಗೋವಾಗ ದೀಪ ಆರಿಸ್ಬಿಡಿ, ಆಯ್ತಾ?”

“ಇನ್ನು ನಾಲ್ಕಿದೆ,” ಎಂದು ಮಾಮ ತಲೆಯೆತ್ತುವಷ್ಟರಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು. ಅವರು ಇಪ್ಪತ್ತಮೂರನೆಯ ದಾಖಲೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರು.