ಸುಂದರಾಂಬನ ನತ್ತು

ಕಡೂರಿನ ಕಲ್ಯಾಣಮಂಟಪದಲ್ಲಿ ಅವತ್ತು ಅಶ್ವಿನಿಯ ರಂಗಪ್ರವೇಶ. ತಾತ ಓಂಕಾರಮೂರ್ತಿ ತಾವೇ ಗ್ರೀನ್‌ರೂಮಿಗೆ ಒಡವೆ ಪೆಟ್ಟಿಗೆ ತಂದಿಟ್ಟರು. "ನಮ್ಮ ಮನೆತನದ್ದು ಕಣಮ್ಮ, ಹುಷಾರು," ಎಂದು ಅಲಂಕಾರಕ್ಕೆ ಬಂದಿದ್ದ ಯಶೋಧರಾಗೆ ಹೇಳಿ, ಮುಂದಿನ ಸಾಲಿನಲ್ಲಿ ಹೋಗಿ ಕೂತರು.

ಯಶೋಧರಾ ಮುಚ್ಚಳ ತೆಗೆದಳು. ಜಡೆನಾಗರ, ಡಾಬು, ಮುತ್ತಿನ ನತ್ತು. ಬೀರೂರಿನ ತನ್ನ ಮನೆಯ ಗೋಡೆಯ ಫೋಟೊದಲ್ಲಿ ತನ್ನಜ್ಜಿ ಸುಂದರಾಂಬ ತೊಟ್ಟು ನಿಂತಿದ್ದು ಇವನ್ನೇ. ತರೀಕೆರೆ ಸೀಮೆಯ ದೊಡ್ಡಮನೆಗಳ ಮದುವೆಗಳಲ್ಲಿ ಕುಣಿದು ಅವಳು ಸಂಪಾದಿಸಿದ ಒಡವೆ. ಅವಳನ್ನು ಇಟ್ಟುಕೊಂಡಿದ್ದ ಸಾಹುಕಾರ ಸತ್ತ ದಿನವೇ ಅವನ ಮಗ ಮನೆಗೆ ನುಗ್ಗಿ ಎಲ್ಲಾ ಬಿಚ್ಚಿಸಿಕೊಂಡ. ನತ್ತು ಬಿಚ್ಚುವವರೆಗೆ ಕಾಯಲಿಲ್ಲ, ಹಿಡಿದೆಳೆದ. ಹರಿದ ಮೂಗಿಗೆ ಸೆರಗು ಮರೆಮಾಡಿಕೊಂಡೇ ಅಜ್ಜಿ ಮುದುಕಿಯಾದಳು. ಮತ್ತೆ ಗೆಜ್ಜೆ ಕಟ್ಟಲಿಲ್ಲ.

ಆ ಮಗನೇ ಈ ಓಂಕಾರಮೂರ್ತಿ. ಅವರ ಮೊಮ್ಮಗಳು ಭರತನಾಟ್ಯಕ್ಕೆ ಸೇರಿದಳೆಂದು ಕೇಳಿದಾಗಿನಿಂದ ಯಶೋಧರಾ ಈ ದಿನಕ್ಕೇ ಕಾದಿದ್ದಳು.

ಅಶ್ವಿನಿಗೆ ತನ್ನ ಚೀಲದಲ್ಲಿದ್ದ ಬಾಡಿಗೆ ಸೆಟ್ಟು ತೊಡಿಸಿದಳು.

"ತಾತ ಕೊಟ್ಟಿದ್ದು ಬೇಡ್ವಾ ಆಂಟಿ?"

"ಅದು ನಮ್ಮಜ್ಜಿದು ಕಣೇ. ನಿಮ್ಮ ತಾತ ಕಿತ್ಕೊಂಡಿದ್ದು. ಬಾ, ಅವ್ರನ್ನೇ ಕೇಳೋಣ."

ನರೆತ ಕೂದಲಿಗೆ ಜಡೆನಾಗರ, ಹತ್ತಿ ಸೀರೆಯ ಮೇಲೆ ಡಾಬು, ಮೂಗಿಗೆ ನತ್ತು. ಎಲ್ಲವನ್ನೂ ತಾನೇ ತೊಟ್ಟು ಯಶೋಧರಾ ನೇರ ಮುಂದಿನ ಸಾಲಿಗೆ ಬಂದಳು. ಶ್ರುತಿ ಮಾಡುತ್ತಿದ್ದ ಮೃದಂಗದವರ ಕೈ ನಿಂತಿತು.

"ಗುರ್ತು ಸಿಕ್ತಾ ಸಾಹುಕಾರ್ರೇ? ಸುಂದರಾಂಬನ ಮೊಮ್ಮಗಳು ನಾನು. ಅವತ್ತು ಕೇಳೋರು ಯಾರೂ ಇಲ್ಲ ಅಂತ ನತ್ತು ಹಿಡ್ಕೊಂಡು ಎಳೆದ್ರಿ. ಇವತ್ತು ಇಷ್ಟು ಜನ ಅವ್ರೆ. ಎಳೀರಿ."

ಮುಖವನ್ನು ಅವರ ಕೈಗೆಟುಕುವಷ್ಟು ಹತ್ತಿರ ತಂದಳು. ಮುದುಕರ ಕೈ ಕುರ್ಚಿಯ ಮೇಲಿಂದ ಏಳಲಿಲ್ಲ.

"ತಾತ, ನಿಜಾನಾ?" ಹಿಂದೆಯೇ ಬಂದಿದ್ದ ಅಶ್ವಿನಿ ಕೇಳಿದಳು.

ಅವರು ತಲೆ ತಗ್ಗಿಸಿದರು. ಆ ಬಗ್ಗಿದ ತಲೆಯನ್ನು ಯಶೋಧರಾ ಕಣ್ತುಂಬ ನೋಡಿದಳು. ಆಮೇಲೆ ತೊಟ್ಟ ಒಡವೆಯಲ್ಲೇ ಬೀರೂರು ಬಸ್ಸು ಹತ್ತಿದಳು. ಯಾರೂ ತಡೆಯಲಿಲ್ಲ, ಪೊಲೀಸರಿಗೆ ದೂರೂ ಹೋಗಲಿಲ್ಲ.

ಅಶ್ವಿನಿ ಅವತ್ತು ಕುಣಿಯಲಿಲ್ಲವಂತೆ. ಆ ಹುಡುಗಿಯ ಮಟ್ಟಿಗೆ ಯಶೋಧರಾಗೆ ಕಸಿವಿಸಿಯಾಯ್ತು. ಮುದುಕರ ಮಟ್ಟಿಗೆ ಆಗಲಿಲ್ಲ.

ಕೆಲವು ವಾರ ಕಳೆದು ಓಂಕಾರಮೂರ್ತಿಯ ಮಗ ಸಿದ್ದಲಿಂಗೇಶ್ ಹುಡುಕಿಕೊಂಡು ಬಂದ. "ಅಪ್ಪ ಮನೆಯಿಂದ ಆಚೆ ಬರ್ತಿಲ್ಲ, ಊಟಾನೂ ಬಿಟ್ಟವ್ರೆ. ಕ್ಷಮಿಸಿದೀನಿ ಅಂತ ಒಂದು ಮಾತು ಹೇಳ್ಬಿಡಿ ಅಕ್ಕಾ."

ಯಶೋಧರಾ ಅವನಿಗೆ ಕಾಫಿ ಮಾಡಿಕೊಟ್ಟು, ಬಾಗಿಲವರೆಗೂ ಬಂದು ಕಳಿಸಿದಳು. ಆ ಮಾತು ಮಾತ್ರ ಆಡಲಿಲ್ಲ.