ಬೆನ್ನ ಹಿಂದಿನ ಊಟ

ಠಣ್ ಅಂತು, ಚಮಚ ಬಟ್ಟಲಿನ ಅಂಚಿಗೆ ತಾಗಿದ್ದು, ಅಂದರೆ ಮಗಳು ಎತ್ತಿದಳು, ಬಾಯಿಗೋ ಇಲ್ಲ ಮತ್ತೆ ಬಟ್ಟಲಿಗೋ, ತಿರುಗಬಾರದು, ಹೊಲಿಗೆ ಮೇಲೆ ಕಣ್ಣಿಡು ಅಂತ ತನ್ನನ್ನು ತಾನೇ ಗದರಿಕೊಂಡಳು ಟೈಲರಮ್ಮ, ಯಾರದೋ ಅಂಗಿಯ ಗುಂಡಿ ಕಾಜ ಅರ್ಧಕ್ಕೆ ನಿಂತಿದೆ, ಬೀದಿಯವರ ಬಟ್ಟೆಯೆಲ್ಲ ಹೊಲಿದ ಕೈಗೆ ಇವತ್ತು ಇದೊಂದು ಮುಗೀತಿಲ್ಲ, ಥೂ ಇದರ — ಬೆನ್ನ ಹಿಂದೆ ಮೇಜು, ಮೇಜಿನ ಮುಂದೆ ಮಗಳು, ಮಗಳ ಮುಂದೆ ಆಲೂಗಡ್ಡೆ ಸೂಪು, ಒಂದು ಗಂಟೂ ಇಲ್ಲದ ಹಾಗೆ ಸೋಸಿದ್ದು, ಅದೇ ನೀಲಿ ಬಟ್ಟಲಲ್ಲಿ, ಬೇರೆ ಬಟ್ಟಲಾದರೆ ಮುಟ್ಟಲ್ಲ. ಹಠ ಅಂದುಕೊಂಡಿದ್ದೆವಲ್ಲ ಇಷ್ಟು ವರ್ಷ, ಹೊಟ್ಟೆ ಹಸಿದರೆ ತಾನಾಗಿ ತಿಂತಾಳೆ ಅಂದಿದ್ದರು ಅತ್ತೆ, ಕಾಲೇಜು ಮುಗಿಸಿದ ಹುಡುಗಿ ಕಡ್ಡಿಯಾಗಿ ಆಸ್ಪತ್ರೆ ಸೇರಿದ ಮೇಲೆ ತಾನೇ ಗೊತ್ತಾಗಿದ್ದು, ಹಠ ಅಲ್ಲಮ್ಮ, ನಿಮ್ಮ ಮಗಳಿಗೆ ಆಟಿಸಂ ಇದೆ, ಸಣ್ಣ ಆಗಬೇಕು ಅಂತ ಊಟ ಬಿಟ್ಟವಳಲ್ಲ ಅವಳು, ವಾಸನೆ, ಸದ್ದು, ಮೇಲಿಂದ ಎಲ್ಲರ ಕಣ್ಣು, ತಡೆಯೋಕಾಗಿಲ್ಲ, ಒಬ್ಬಳನ್ನೇ ಕೂರಿಸಬೇಡಿ, ಜೊತೆಗಿರಿ, ಆದರೆ ನೋಡಬೇಡಿ, ಹೊಗಳಬೇಡಿ, ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ, ಅಂದಳು ಆಸ್ಪತ್ರೆಯ ಸಲಹೆಗಾರ್ತಿ. ನೋಡಬೇಡಿ ಅಂದರೆ! ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳಿಗೆ ಹೇಳೋ ಮಾತಾ ಇದು, ಆದರೂ ತಲೆಯಾಡಿಸಿ ಬಂದಿದ್ದಳು.

ನನ್ನ ತಂಗಿಗಾದರೋ ಸಲೀಸು, ಟೀವಿಯಲ್ಲಿ ಧಾರಾವಾಹಿ ಶುರುವಾದರೆ ಪಕ್ಕದಲ್ಲಿ ಮನುಷ್ಯರಿದ್ದಾರೆ ಅನ್ನೋದನ್ನೇ ಮರೀತಾಳೆ, ಮಗಳು ಅವಳ ಪಕ್ಕ ಕೂತರೆ ಬಟ್ಟಲು ಖಾಲಿಯಂತೆ, ಅಕ್ಕಾ, ನನ್ನ ಹತ್ರಾನೇ ಇರಲಿ ಬಿಡೇ, ಅಂದಳು ನಗುತ್ತಾ, ಹೊಟ್ಟೆ ಉರಿದುಹೋಯಿತು, ಹೆತ್ತವಳು ನಾನು — ಮಗಳೋ, ಬಣ್ಣ ಕಟ್ಟಿ ಮಾತಾಡೋಕೆ ಬರಲ್ಲ ಅದಕ್ಕೆ, ಅಂದೇಬಿಟ್ಟಳು, ಅಮ್ಮ, ಇವತ್ತೂ ಇಲ್ಲಿ ತಿನ್ನೋಕೆ ಆಗದಿದ್ರೆ ಚಿಕ್ಕಮ್ಮನ ಮನೆಗೆ ಹೋಗ್ತೀನಿ, ಅಲ್ಲೇ ಇರ್ತೀನಿ, ನೀನು ನೋಡಿದ್ರೆ ಗಂಟಲು ಮುಚ್ಕೊಳ್ಳುತ್ತೆ, ನಾನು ಮುಚ್ಚೋದಲ್ಲ, ಅದೇ ಮುಚ್ಕೊಳ್ಳುತ್ತೆ. ಬ್ಯಾಗು ಬಾಗಿಲ ಹತ್ತಿರವೇ ಇದೆ. ಹೋದ ವಾರ ಎಷ್ಟು ಚೆನ್ನಾಗಿ ತಿಂತಿದ್ದಳು, ಸುಮ್ಮನಿರಲಾರದೆ ತಿರುಗಿ ಭೇಷ್ ಕಣೇ ಬಂಗಾರ ಅಂದುಬಿಟ್ಟೆನಲ್ಲ, ಚಮಚ ಕೆಳಗಿಟ್ಟು ಎದ್ದುಹೋಯಿತು ಕೂಸು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಸುಡಲಿ ಈ ನಾಲಿಗೆ — ಹೊಸ ಅಂಗಿಗೆ ಅಳತೆ ತಗೊಳ್ಳುವಾಗ ಕಂಡಿತ್ತು ಮಗಳ ಬೆನ್ನು, ಬೆನ್ನುಮೂಳೆಯ ಒಂದೊಂದು ಗಂಟೂ ಗುಂಡಿ ಸಾಲಿನ ಹಾಗೆ ಎದ್ದು ನಿಂತಿತ್ತು, ಟೇಪು ಕೈಯಿಂದ ಜಾರಿತ್ತು, ಈಗಲೂ ಕಣ್ಣು ಮುಚ್ಚಿದರೆ ಅದೇ ಮೂಳೆ ಸಾಲು, ಕಾಜ ಹೊಲಿಯುವಾಗಲೂ ಅದೇ.

ಅಯ್ಯೋ, ಸದ್ದು ನಿಂತಿತಲ್ಲ. ಕುರ್ಚಿ ಕಿರ್ ಅಂತು, ಎದ್ದಳು, ಮುಗೀತು, ಬ್ಯಾಗು, ಬಾಗಿಲು, ತಂಗಿಯ ಮನೆಯ ಸೋಫಾ, ಹೋಗಬೇಡ ಕಣೇ ಅನ್ನಬೇಕು, ಅನ್ನಬಾರದು, ಒಂದು ಸಲ ಮುಖ ನೋಡಬೇಕು, ಒಂದೇ ಒಂದು ಸಲ, ತುತ್ತಿಗೆ ಆ ಕೆನ್ನೆ ಉಬ್ಬೋದನ್ನ ಕಣ್ತುಂಬ ನೋಡಿ ಎಷ್ಟು ಕಾಲವಾಯಿತು ದೇವರೇ, ಅದಕ್ಕೇ ಜೀವ ಹಂಬಲಿಸ್ತಿದೆ, ಬೇರೆ ಏನೂ ಬೇಡ — ಆದರೆ ಕುರ್ಚಿ ಇತ್ತಲೇ ಬರ್ತಿದೆ, ಎಳೀತಿದ್ದಾಳೆ, ಹತ್ತಿರ, ಇನ್ನೂ ಹತ್ತಿರ, ಬೆನ್ನಿಗೆ ಏನೋ ಒತ್ತಿತು, ಬೆಚ್ಚಗೆ, ಯಾರನ್ನೂ ಮುಟ್ಟಗೊಡದ ಹುಡುಗಿ, ಅವಳ ಬೆನ್ನು, ಹೀಗೇ ಇರು ಅಮ್ಮ, ತಿರುಗಬೇಡ, ಎದ್ದೂ ಹೋಗಬೇಡ, ಸೂಜಿ ಎತ್ತಿ ಇನ್ನೊಂದು ಹೊಲಿಗೆ ಹಾಕಿದಳು, ಕಣ್ಣೀರು ಕಾಜದ ಮೇಲೆ ಬಿತ್ತು, ಬೀಳಲಿ, ಅಂಗಿಯೊಳಗಿಂದ ಗಂಟು ಗಂಟಾಗಿ ಆ ಮೂಳೆ ಸಾಲು ಚುಚ್ಚುತ್ತಿದೆ, ಚುಚ್ಚಲಿ, ಠಣ್ ಅಂತು, ಬಟ್ಟಲನ್ನೂ ತಂದಿದ್ದಾಳೆ, ಈಗ, ಈಗ ಗುಟುಕು ನುಂಗಿದಳು, ಬೆನ್ನಿಗೇ ತಿಳೀತು, ಆ ಮೂಳೆ ಸಾಲು ಒಂಚೂರು ಅಲುಗಿತು, ನಿಂತಿತು, ಅಲುಗಿತು, ಆ ಮೂಳೆ ಸಾಲು, ಮತ್ತೆ