ಕರೆದವರಿಗೆಲ್ಲ ಓ ಎಂದ ಬೀಗದಕೈ

ನಾನು ಒಂದು ಬೀಗದಕೈ. ಕಬ್ಬಿಣದ್ದೂ ಅಲ್ಲ, ಹಿತ್ತಾಳೆಯದೂ ಅಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವಂಥದ್ದಂತೂ ಅಲ್ಲವೇ ಅಲ್ಲ. ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ತಲೆಬುಡವಿಲ್ಲದೆ ನಿಂತ ಒಂದು ಉದ್ದನೆಯ ಸಾಲು, ಅಷ್ಟೇ ನನ್ನ ಮೈ. ಓದಿದರೆ ಅರ್ಥವಿಲ್ಲ. ಆದರೆ ನನ್ನನ್ನು ತೋರಿಸಿದರೆ ಇಮೇಲ್ ಸಾಗಿಸುವ ಕಂಪನಿಯ ಬಾಗಿಲು ತೆರೆಯುತ್ತಿತ್ತು, ಪತ್ರಗಳು ಹೊರಡುತ್ತಿದ್ದವು. ತೋರಿಸಿದವರು ಯಾರು ಎಂದು ಬಾಗಿಲೂ ಕೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ನಾನು ಹುಟ್ಟಿದ್ದು ತಿಪಟೂರಿನ ಪಂಕಜಾಕ್ಷಿ ಮೇಡಂ ಅವರ ಮನೆಯ ಲ್ಯಾಪ್‌ಟಾಪಿನಲ್ಲಿ. ಮೇಡಂ ಕಾಲೇಜಿನ ಗ್ರಂಥಪಾಲಕಿ. ಕಣ್ಣು ಕಾಣದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಹೇಳುತ್ತಾರಲ್ಲ, ಪಕ್ಕದಲ್ಲಿ ಕುಳಿತು ಅದನ್ನು ಬರೆದುಕೊಡುವವರು ಬೇಕಲ್ಲ, ಅಂಥವರನ್ನು ಹುಡುಕಿಕೊಡಲು ಅವರು ‘ಕೈಬರಹ’ ಎಂಬ ತಂಡ ಕಟ್ಟಿದ್ದರು. ಪಾಲಿಟೆಕ್ನಿಕ್‌ನ ಕಲೀಂ ಸರ್ ಅದಕ್ಕೊಂದು ಆ್ಯಪ್ ಬರೆದುಕೊಟ್ಟಿದ್ದರು. ಆ್ಯಪ್ ಇದ್ದದ್ದು ಕ್ಲೌಡ್‌ನಲ್ಲಿ. ಮೋಡವೂ ಇಲ್ಲ, ಮಳೆಯೂ ಇಲ್ಲ; ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ನಮ್ಮ ಸಂಸಾರ.

ಮೇಡಂ ಗುಂಡಿ ಒತ್ತಿದರು, ನಾನು ತೆರೆಯ ಮೇಲೆ ಕಣ್ಣು ಬಿಟ್ಟೆ. ‘ಈಗಲೇ ಬರೆದುಕೊಳ್ಳಿ, ಮತ್ತೆ ತೋರಿಸುವುದಿಲ್ಲ’ ಎಂದು ಕೆಳಗೆ ಬರೆದಿತ್ತು. ಮೇಡಂ ಗಾಬರಿಯಾಗಿ ಕಲೀಂ ಸರ್‌ಗೆ ಫೋನ್ ಹಚ್ಚಿ, ನನ್ನನ್ನು ಗಟ್ಟಿಯಾಗಿ ಓದಲು ಶುರುಮಾಡಿದರು. “ದೊಡ್ಡ ಎಂ... ಮೈಸೂರಿನ ಎಂ. ಸಣ್ಣ ಕೆ. ಏಳು...” ಅಡುಗೆಮನೆಯಿಂದ ಅತ್ತೆ ಸಣ್ಣಮ್ಮ ಕೂಗಿದರು: “ಪಂಕಜಾ!” ಮೇಡಂ “ಓ!” ಎಂದರು. ಆಮೇಲೆ ಉಳಿದದ್ದನ್ನು ಓದಿ ಮುಗಿಸಿದರು.

ಬಾಗಿಲು ತೆರೆಯಲೇ ಇಲ್ಲ. ಕಲೀಂ ಸರ್ ಸಂಜೆವರೆಗೂ ತಲೆ ಕೆರೆದುಕೊಂಡು, ಕೊನೆಗೆ ತಾವು ಬರೆದುಕೊಂಡದ್ದನ್ನು ಮೇಡಂಗೆ ಓದಿ ಹೇಳಿದರು.

“ಅಯ್ಯೋ, ಏಳಾದ್ಮೇಲೆ ಓ ಎಲ್ಲಿತ್ತು ಸರ್?”

“ನೀವೇ ಅಂದ್ರಲ್ಲ ಮೇಡಂ!”

“ರಾಮರಾಮಾ! ಅದು ನಮ್ಮತ್ತೆಗೆ ಅಂದಿದ್ದು!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಣ್ಣಮ್ಮ ಮಾತ್ರ ನಗಲಿಲ್ಲ. “ಅದ್ಕೇ ಹೇಳೋದು ಕಣವ್ವ, ಕೂಗಿದ್ ತಕ್ಷಣ ಓ ಅನ್ಬಾರ್ದು. ಮೂರ್ ಸಲ ಕೂಗ್ಲಿ. ಒಂದೇ ಸಲ ಕೂಗೋದು ದೆವ್ವ,” ಎಂದರು. “ನೀವು ಒಂದೇ ಸಲ ಕೂಗಿದ್ದು ಅತ್ತೆ,” ಎಂದು ಮೇಡಂ ಛೇಡಿಸಿದರು.

ಹೆಚ್ಚುವರಿ ಓ ಕಳಚಿದ ಮೇಲೆ ನನ್ನ ಕೆಲಸ ಶುರುವಾಯಿತು. ಆಹಾ, ಅವು ಒಳ್ಳೆಯ ದಿನಗಳು! ‘ಇತಿಹಾಸ ಪರೀಕ್ಷೆಗೆ ಬರೆಯುವವರು ಬೇಕು’ ಎಂದು ಮೇಡಂ ಟೈಪ್ ಮಾಡಿದರೆ ಆ್ಯಪ್ ನನ್ನನ್ನು ಕರೆಯುವುದು, ನಾನು ಓ ಎನ್ನುವುದು, ಪತ್ರ ಹೋಗುವುದು. ಗೃಹಿಣಿಯರು, ಪಿಯುಸಿ ಹುಡುಗಿಯರು, ಅಂಗಡಿಯಲ್ಲಿ ಕೂರುವವರು, ಯಾರೋ ಒಬ್ಬರು ಬರುತ್ತೇನೆ ಎನ್ನುತ್ತಿದ್ದರು. ಅವರ ವಿಳಾಸಗಳೆಲ್ಲ ಆ್ಯಪ್‌ನ ಒಳಗೇ ಭದ್ರವಾಗಿದ್ದವು, ಮೇಡಂಗೂ ಕಾಣುತ್ತಿರಲಿಲ್ಲ. ಫೋನ್ ನಂಬರನ್ನಂತೂ ಯಾರಿಂದಲೂ ಕೇಳುತ್ತಿರಲಿಲ್ಲ.

ಆದರೆ ನನ್ನನ್ನು ಇಟ್ಟಿದ್ದ ಜಾಗ ಸರಿಯಿರಲಿಲ್ಲ. ಕೆಲವರು ಮನೆಗೆ ಬೀಗ ಹಾಕಿ, ಕೀಲಿಯನ್ನು ಬಾಗಿಲ ಪಕ್ಕದ ಹೂಕುಂಡದ ಕೆಳಗೆ ಇಡುತ್ತಾರಲ್ಲ, ಹಾಗೆ ಕಲೀಂ ಸರ್ ನನ್ನನ್ನು ಆ್ಯಪ್‌ಗಾಗಿ ಬರೆದ ಕೋಡ್‌ನ ಸಾಲುಗಳ ನಡುವೆಯೇ ಬರೆದಿಟ್ಟಿದ್ದರು. ಮನೆಯವರಿಗಷ್ಟೇ ಗೊತ್ತಿದ್ದರೆ ಚಿಂತೆಯಿರಲಿಲ್ಲ. ಒಂದು ದಿನ ಬೇರೆ ಊರಿನವರು, ನಮಗೂ ಇಂಥದ್ದೊಂದು ಬೇಕು ಎಂದು ಕೇಳಿದರು. ಕಲೀಂ ಸರ್ ದೊಡ್ಡ ಮನಸ್ಸಿನ ಮನುಷ್ಯ. ಎಲ್ಲರಿಗೂ ಉಪಯೋಗವಾಗಲಿ ಎಂದು ಸಾಲುಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹರಡಿದರು. ಅವುಗಳ ಜೊತೆ ನಾನೂ ಬೀದಿಗೆ ಬಿದ್ದೆ.

ಯಾರೋ ನನ್ನನ್ನು ಕರೆದರು. ದನಿ ಹೊಸದು. ನಾನು ಓ ಎಂದೆ. ನನ್ನ ಹುಟ್ಟೇ ಹಾಗೆ, ಬೇರೇನು ಅನ್ನಲಿ?

ಅದು ರಂಗಲಕ್ಷ್ಮಿ ಎಂಬ ಕಣ್ಣು ಕಾಣದ ವಿದ್ಯಾರ್ಥಿನಿಯ ಬಿ.ಎ. ಕೊನೆಯ ಪರೀಕ್ಷೆಯ ಹಿಂದಿನ ದಿನ. ಅವಳ ಉತ್ತರ ಬರೆಯಬೇಕಿದ್ದ ಹುಡುಗಿ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದಳು. ಮಧ್ಯಾಹ್ನ ರಂಗಲಕ್ಷ್ಮಿ ಬಿಳಿ ಕೋಲು ಊರಿಕೊಂಡು ಗ್ರಂಥಾಲಯಕ್ಕೆ ಬಂದಳು. ಬರೆಯುವವರು ಸಿಗದಿದ್ದರೆ ಒಂದು ವರ್ಷ ಹೋಯಿತು, ಬಿ.ಎಡ್. ಸೇರುವ ಕನಸೂ ಅಲ್ಲಿಗೇ ನಿಂತಿತು. ಮೇಡಂ ತಕ್ಷಣ ಪತ್ರ ಬರೆದು ಕಳುಹಿಸಿದರು.

ಪತ್ರ ಹೋಗಲಿಲ್ಲ. ಮುಂದೆ ಸಾಲು ನಿಂತಿತ್ತು. ಮೇಡಂ ಕಂಪನಿಯ ಪುಟ ತೆರೆದು ನೋಡಿದರೆ, ಕೈಬರಹದ ಹೆಸರಿನಲ್ಲಿ ಸಾವಿರಾರು ಪತ್ರಗಳು, ಎಲ್ಲವೂ ಗುರುತಿಲ್ಲದವರಿಗೆ: ‘ನಿಮ್ಮ ಬ್ಯಾಂಕ್ ಖಾತೆ ನಿಲ್ಲಲಿದೆ, ಓಟಿಪಿ ಕಳಿಸಿ.’ ಕೆಳಗೆ ತಮ್ಮದೇ ಹೆಸರು! ಮೇಡಂ ಕೂಡಲೇ ಕಲೀಂ ಸರ್‌ಗೆ ಫೋನ್ ಮಾಡಿದರು.

“ಕೀ ಕಳುವಾಗಿದೆ ಮೇಡಂ, ನನ್ನಿಂದ್ಲೇ ಆಯ್ತು. ಅದನ್ನ ಈಗ್ಲೇ ರದ್ದು ಮಾಡಿ. ನಾನು ಮನೆಗೆ ಹೋಗಿ ಹೊಸದನ್ನ ಕೂರಿಸ್ತೀನಿ.”

“ರಂಗಲಕ್ಷ್ಮಿ ಪತ್ರ ಸಾಲಲ್ಲಿದೆಯಲ್ಲ ಸರ್!”

“ರದ್ದು ಮಾಡಿದ್ರೆ ಸಾಲಲ್ಲಿರೋದೆಲ್ಲ ಬಿದ್ದೋಗತ್ತೆ. ಅದು ಹೋಗೋವರ್ಗೂ ಕಾದ್ರೆ, ಮುಂದಿರೋ ಕಳ್ಳಪತ್ರಗಳೆಲ್ಲ ಮೊದಲು ಹೋಗ್ತವೆ. ಹೊಸದು ಕೂರಿಸೋಕೆ ಸಂಜೆ ಆಗತ್ತೆ. ಅಷ್ಟೊತ್ತಿಗೆ ಯಾರು ನೋಡ್ತಾರೋ, ಯಾರು ಸಿಗ್ತಾರೋ ಹೇಳಕ್ಕಾಗಲ್ಲ.”

ಮೇಡಂ ಬೆರಳು ಗುಂಡಿಯ ಮೇಲೇ ನಿಂತಿತು. ನಾನೂ ಕಾದೆ. ನಿಜ ಹೇಳುತ್ತೇನೆ, ನನಗೆ ಬದುಕುವ ಆಸೆಯಿತ್ತು. ಆ ಹುಡುಗಿಯ ಪತ್ರವೊಂದನ್ನು ದಾಟಿಸಿ ಸಾಯೋಣ ಅನ್ನಿಸುತ್ತಿತ್ತು. ಆದರೆ ಅತ್ತ ಕಳ್ಳ ಕರೆಯುತ್ತಲೇ ಇದ್ದ, ನಾನು ಓ ಎನ್ನುತ್ತಲೇ ಇದ್ದೆ. ಥೂ, ಎಂಥ ಬಾಳು!

ರಂಗಲಕ್ಷ್ಮಿಗೆ ಎಲ್ಲವೂ ಕೇಳಿಸಿತ್ತು. “ಮುಚ್ಬಿಡಿ ಮೇಡಂ,” ಎಂದಳು.

“ನಿನ್ ಪರೀಕ್ಷೆ ಕಣಮ್ಮ...”

“ಗೊತ್ತು. ನಾನು ಹೇಳಿದ್ದನ್ನೇ ಬರೀತಾರೆ ಅಂತ ನಂಬಿ ಯಾರ್ಯಾರ ಪಕ್ಕದಲ್ಲೋ ಕೂತಿದ್ದೀನಿ. ಏನ್ ಬರೆದ್ರು ಅಂತ ಒಂದ್ ದಿನಾನೂ ನೋಡಕ್ಕಾಗ್ಲಿಲ್ಲ. ನಮ್ಮ ಹೆಸರು ನಂಬಿ ಯಾರೋ ಕೆಡೋದು ಬೇಡ.”

ಮೇಡಂ ಕಣ್ಣೊರೆಸಿಕೊಂಡು ಗುಂಡಿ ಒತ್ತಿದರು. ಸಾಲೆಲ್ಲ ಕುಸಿಯಿತು. ನಾನು ನಿಂತುಹೋದೆ.

ಸಂಜೆ ಹೊತ್ತಿಗೆ ಹೊಸ ಬೀಗದಕೈ ಹುಟ್ಟಿತು. ಈ ಸಲ ಯಾರೂ ಅದನ್ನು ಗಟ್ಟಿಯಾಗಿ ಓದಲಿಲ್ಲ. ಕಲೀಂ ಸರ್ ಅದನ್ನು ಆ್ಯಪ್‌ನ ಸಾಲುಗಳಲ್ಲಿ ಬರೆಯಲೂ ಇಲ್ಲ. ಕ್ಲೌಡ್‌ನಲ್ಲೇ ಇರುವ ತಿಜೋರಿಯಲ್ಲಿಟ್ಟರು. ಬಂದದ್ದು ತಮ್ಮ ಆ್ಯಪ್ಪೇ ಹೌದೇ ಎಂದು ಪರೀಕ್ಷಿಸಿಯೇ ತಿಜೋರಿ ಅದನ್ನು ಹೊರಗೆ ಕೊಡಬೇಕು. “ನಮ್ಮತ್ತೆ ಹೇಳಿದ್ದು ಇದೇ ಅಲ್ವಾ ಸರ್?” ಎಂದು ಮೇಡಂ ಫೋನಿನಲ್ಲಿ ಸಣ್ಣಗೆ ನಕ್ಕರು. ಪತ್ರ ಹೋಯಿತು. ಮೇಡಂ ಗ್ರಂಥಾಲಯ ಮುಚ್ಚದೆ ಕಾದರು. ರಂಗಲಕ್ಷ್ಮಿ ಹೊರಗೆ ಜಗಲಿಯ ಮೇಲೆ ಹೋಗಿ ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಅರಸೀಕೆರೆಯಿಂದ ಹೇಮಲತಾ ಎಂಬವರ ಉತ್ತರ ಬಂತು: ‘ನಾನು ಬರೆಯುತ್ತೇನೆ. ಬೆಳಿಗ್ಗೆ ಎಲ್ಲಿಗೆ ಬರಲಿ?’

“ರಂಗಲಕ್ಷ್ಮೀ!” ಮೇಡಂ ಒಳಗಿನಿಂದಲೇ ಕೂಗಿದರು.

“ಓ!” ಎಂದಳು ಹುಡುಗಿ, ಒಂದೇ ಕರೆಗೆ. ಆ ದನಿಯ ಸಂತೋಷ ಈಗಲೂ ನನ್ನಲ್ಲಿದೆ.

ಈಗ ನಾನು ಕಂಪನಿಯ ಪುಟದ ಕೆಳಗೊಂದು ಬೂದು ಸಾಲು. ಪಕ್ಕದಲ್ಲಿ ‘ರದ್ದಾಗಿದೆ’ ಎಂದಿದೆ. ರಂಗಲಕ್ಷ್ಮಿ ಬಿ.ಎಡ್. ಓದುತ್ತಿದ್ದಾಳಂತೆ. ಕಳ್ಳನ ಹತ್ತಿರ ನನ್ನ ನಕಲು ಇನ್ನೂ ಇದೆ. ಆಗಾಗ ಬಾಗಿಲಿಗೆ ಬಂದು ನನ್ನನ್ನು ಕರೆಯುತ್ತಾನೆ. ಒಂದು ಸಲವಲ್ಲ, ಮೂರು ಸಲವಲ್ಲ, ಕರೆದೇ ಕರೆಯುತ್ತಾನೆ.

ನಾನು ಓ ಅನ್ನುವುದಿಲ್ಲ.